ವಾಶ್‌ರೂಮಿಗೆ ಹ್ಯಾಂಡ್ ಡ್ರೈಯರ್: ಆರಿಸುವುದು, ಹಾಕಿಸುವುದು, ನೋಡಿಕೊಳ್ಳುವುದು

"ನಮ್ಮ ಆಫೀಸಿಗೆ ಹ್ಯಾಂಡ್ ಡ್ರೈಯರ್ ಹಾಕಿಸಬೇಕು, ಯಾವುದು ಒಳ್ಳೆಯದು?" ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಶಾಲೆಯವರು ಕೇಳುತ್ತಾರೆ, ಹೋಟೆಲಿನವರು ಕೇಳುತ್ತಾರೆ, ಸಭಾಂಗಣ ನಡೆಸುವವರು ಕೇಳುತ್ತಾರೆ. ಎಲ್ಲರಿಗೂ ಒಂದೇ ಯಂತ್ರದ ಹೆಸರು ಹೇಳಿಬಿಟ್ಟರೆ ಅದು ತಪ್ಪು ಉತ್ತರ. ದಿನಕ್ಕೆ ಮೂವತ್ತು ಜನ ಬರುವ ಕಡೆ ಚೆನ್ನಾಗಿ ನಡೆಯುವ ಯಂತ್ರ, ಸಿನಿಮಾ ಹಾಲಿನ ಇಂಟರ್ವಲ್‌ನಲ್ಲಿ ಕೈಕೊಡುತ್ತದೆ.

ನಾನು ನೋಡುವುದು ಒಂದೇ ವಿಷಯ. ಜನ ಹೊರಗೆ ಬರುವಾಗ ಅವರ ಕೈ ಒಣಗಿದೆಯಾ? ನಿಮ್ಮ ವಾಶ್‌ರೂಮಿನ ಬಾಗಿಲ ಬಳಿ ಹತ್ತು ನಿಮಿಷ ನಿಂತು ನೋಡಿ. ಜನ ಪ್ಯಾಂಟಿಗೋ ದುಪ್ಪಟ್ಟಾಗೋ ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದರೆ, ಬಾಗಿಲ ಹಿಡಿ ಮುಟ್ಟಿದರೆ ತೇವ ಹತ್ತುತ್ತಿದ್ದರೆ, ಒಳಗಿರುವ ಡ್ರೈಯರ್ ಎಷ್ಟೇ ದುಬಾರಿಯದಾದರೂ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಒದ್ದೆ ಕೈಯಿಂದ ಸೂಕ್ಷ್ಮಜೀವಿಗಳು ಒಣ ಕೈಗಿಂತ ಎಷ್ಟೋ ಸುಲಭವಾಗಿ ಮುಟ್ಟಿದ ವಸ್ತುವಿಗೆ ದಾಟುತ್ತವೆ. ಅಂದರೆ ಸೋಪು ಹಾಕಿ ತೊಳೆದ ಶ್ರಮದಲ್ಲಿ ಅರ್ಧ ಅಲ್ಲೇ ನೀರುಪಾಲು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲು ಯಂತ್ರ ಕೊಂಡು, ಆಮೇಲೆ ಅದಕ್ಕೆ ಜಾಗ ಹುಡುಕುವುದು ತುಂಬಾ ಕಡೆ ಆಗುವ ತಪ್ಪು.

1. ಮೊದಲು ಜನರನ್ನು ಎಣಿಸಿ

ಎರಡು ಸಂಖ್ಯೆ ಬೇಕು. ದಿನಕ್ಕೆ ಎಷ್ಟು ಜನ ಕೈ ತೊಳೆಯುತ್ತಾರೆ ಅನ್ನುವುದು ಒಂದು. ತುಂಬಾ ರಶ್ ಇರುವ ಹತ್ತು ನಿಮಿಷದಲ್ಲಿ ಎಷ್ಟು ಜನ ಬರುತ್ತಾರೆ ಅನ್ನುವುದು ಇನ್ನೊಂದು. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಯೋಚಿಸುತ್ತಾರೆ. ಆದರೆ ಎಷ್ಟು ಯಂತ್ರ ಬೇಕು ಎಂದು ತೀರ್ಮಾನಿಸುವುದು ಎರಡನೆಯದು.

ಲೆಕ್ಕ ಸುಲಭ. ಊಟದ ಬಿಡುವಿನ ಹತ್ತು ನಿಮಿಷದಲ್ಲಿ 60 ಜನ ಬರುತ್ತಾರೆ ಅಂದುಕೊಳ್ಳಿ. ಹತ್ತು ನಿಮಿಷ ಅಂದರೆ 600 ಸೆಕೆಂಡ್. ಹಳೇ ರೀತಿಯ ಬಿಸಿಗಾಳಿ ಯಂತ್ರಕ್ಕೆ ಒಬ್ಬರ ಕೈ ಒಣಗಿಸಲು 40 ಸೆಕೆಂಡ್ ಬೇಕು. ಒಬ್ಬರು ಸರಿದು ಇನ್ನೊಬ್ಬರು ಬರಲು 5 ಸೆಕೆಂಡ್ ಸೇರಿಸಿ. 600ನ್ನು 45ರಿಂದ ಭಾಗಿಸಿದರೆ ಒಂದು ಯಂತ್ರಕ್ಕೆ 13 ಜನ. 60 ಜನರಿಗೆ ಐದು ಯಂತ್ರ ಬೇಕಾಯಿತು. ಅದೇ 15 ಸೆಕೆಂಡಿನ ವೇಗದ ಯಂತ್ರವಾದರೆ ಒಬ್ಬರಿಗೆ 20 ಸೆಕೆಂಡ್, ಒಂದು ಯಂತ್ರಕ್ಕೆ 30 ಜನ. ಎರಡು ಸಾಕು.

ಸಾಲು ಉದ್ದವಾದರೆ ಜನ ಕಾಯುವುದಿಲ್ಲ, ಒದ್ದೆ ಕೈಯಲ್ಲೇ ಹೊರಡುತ್ತಾರೆ. ಹಾಗಾಗಿ ಎಣಿಕೆಯನ್ನು ಅಂದಾಜಿನಲ್ಲಿ ಮುಗಿಸಬೇಡಿ. ಎರಡು ದಿನ ಯಾರನ್ನಾದರೂ ಕೂರಿಸಿ ಗೀಟು ಎಳೆಸಿ.

2. ಮೂರು ಜಾತಿಯ ಯಂತ್ರಗಳು, ಯಾವುದು ಯಾರಿಗೆ

ಮೊದಲನೆಯದು ಬಿಸಿಗಾಳಿಯ ಡ್ರೈಯರ್. ಅಮೆರಿಕದ ಜಾರ್ಜ್ ಕ್ಲೆಮೆನ್ಸ್ 1948ರಲ್ಲಿ ಮಾಡಿದ ಯಂತ್ರದಿಂದ ಬೆಳೆದುಬಂದ ಜಾತಿ ಇದು. ಒಳಗೆ ಒಂದು ಫ್ಯಾನ್, ಒಂದು ಬಿಸಿಯಾಗುವ ಕಾಯಿಲ್. ಬೆಚ್ಚಗಿನ ಗಾಳಿ ಮೆಲ್ಲಗೆ ಬಂದು ನೀರನ್ನು ಆವಿ ಮಾಡುತ್ತದೆ. ಸಾಮಾನ್ಯವಾಗಿ 2000ದಿಂದ 2500 ವ್ಯಾಟ್, 30ರಿಂದ 45 ಸೆಕೆಂಡ್. ಸದ್ದು ಕಡಿಮೆ, ಗಟ್ಟಿಮುಟ್ಟು, ಕೊಳ್ಳಲೂ ಅಗ್ಗ. ಜನ ಕಡಿಮೆ ಇರುವ, ನಿಶ್ಶಬ್ದ ಬೇಕಾದ ಜಾಗಕ್ಕೆ ಇವತ್ತಿಗೂ ಇದು ಕೆಟ್ಟ ಆಯ್ಕೆ ಅಲ್ಲ. ಗ್ರಂಥಾಲಯ, ಸಣ್ಣ ಕ್ಲಿನಿಕ್ಕಿನ ಕಾಯುವ ಕೋಣೆ, ಹತ್ತು ಹನ್ನೆರಡು ಜನರ ಆಫೀಸು, ಇಂಥ ಕಡೆ.

ಎರಡನೆಯದು ವೇಗದ ಡ್ರೈಯರ್. ಕೈಯನ್ನು ಯಂತ್ರದ ಕೆಳಗೆ ಹಿಡಿಯಬೇಕು. ಸಣ್ಣ ಬಾಯಿಂದ ಗಾಳಿ ರಭಸವಾಗಿ ಬಂದು ನೀರನ್ನು ಚರ್ಮದಿಂದ ಕಿತ್ತು ಎಸೆಯುತ್ತದೆ. ಆವಿ ಮಾಡುವ ಕೆಲಸ ಕಡಿಮೆ, ತಳ್ಳುವ ಕೆಲಸ ಜಾಸ್ತಿ. ಅದಕ್ಕೇ 10ರಿಂದ 15 ಸೆಕೆಂಡಿನಲ್ಲಿ ಮುಗಿಯುತ್ತದೆ. ಕೈ ಕೆಳಗೆ ಹಿಡಿದಾಗ ಅಂಗೈ ಹಿಂಭಾಗದ ಚರ್ಮ ಅಲೆಯಂತೆ ಅಲುಗುವುದನ್ನು ನೋಡಿರುತ್ತೀರಿ, ಅದೇ ಈ ಜಾತಿ. ರಶ್ ಇರುವ ಹೆಚ್ಚಿನ ಜಾಗಗಳಿಗೆ ನಾನು ಇದನ್ನೇ ಹೇಳುತ್ತೇನೆ.

ಮೂರನೆಯದು ಕೈಯನ್ನು ಒಳಗೆ ಇಳಿಬಿಡುವ ಯಂತ್ರ. ಎರಡೂ ಕಡೆಯಿಂದ ಗಾಳಿಯ ತೆಳು ಹಾಳೆ ಬೀಸುತ್ತದೆ, ಕೈಯನ್ನು ನಿಧಾನವಾಗಿ ಮೇಲಕ್ಕೆ ಎಳೆದರೆ ನೀರು ಬಳಿದು ಹೋಗುತ್ತದೆ. ಜಪಾನಿನ ಮಿತ್ಸುಬಿಷಿ ಎಲೆಕ್ಟ್ರಿಕ್ 1993ರಲ್ಲಿ ಜೆಟ್ ಟವೆಲ್ ಎಂಬ ಹೆಸರಲ್ಲಿ ಇದನ್ನು ತಂದಿತು. 2006ರಲ್ಲಿ ಬಂದ ಡೈಸನ್ ಏರ್‌ಬ್ಲೇಡ್‌ನಿಂದ ಇದು ಎಲ್ಲೆಡೆ ಪರಿಚಿತವಾಯಿತು. ಒಣಗಿಸುವುದು ಬೇಗ. ಇಂಥ ಹಲವು ಯಂತ್ರಗಳಲ್ಲಿ ನೀರು ಕೆಳಗಿನ ತಟ್ಟೆಗೆ ಹೋಗುವುದರಿಂದ ನೆಲ ಅಷ್ಟು ಒದ್ದೆಯಾಗುವುದಿಲ್ಲ. ಆದರೆ ಎರಡು ತೊಂದರೆ ಇವೆ. ಕೈ ಅಂಚಿಗೆ ತಾಗುತ್ತದೆ ಎಂದು ಜನ ಹಿಂಜರಿಯುತ್ತಾರೆ. ಮತ್ತೆ ಆ ತಟ್ಟೆಯನ್ನು ಯಾರಾದರೂ ದಿನಾ ಖಾಲಿ ಮಾಡಿ ತೊಳೆಯಲೇಬೇಕು. ನಿಮ್ಮಲ್ಲಿ ಆ ಶಿಸ್ತು ಇಲ್ಲದಿದ್ದರೆ ಈ ಜಾತಿ ಬೇಡ. ನಿಂತ ನೀರು ನಾರತೊಡಗಿದರೆ ಯಂತ್ರಕ್ಕೇ ಕೆಟ್ಟ ಹೆಸರು. ಚಿಕ್ಕ ಮಕ್ಕಳಿಗೂ ಇದು ಎಟಕುವುದಿಲ್ಲ.

3. ಡಬ್ಬದ ಮೇಲಿನ ಸಂಖ್ಯೆಗಳನ್ನು ಓದಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಮೋಸ ಹೋಗುವುದು ಇಲ್ಲೇ.

ವ್ಯಾಟ್ ಜಾಸ್ತಿ ಇದ್ದರೆ ಯಂತ್ರ ಜೋರು ಅನ್ನುವುದು ತಪ್ಪು ನಂಬಿಕೆ. ಬಿಸಿಗಾಳಿ ಯಂತ್ರದಲ್ಲಿ ವ್ಯಾಟಿನ ದೊಡ್ಡ ಪಾಲು ಕಾಯಿಲ್ ಕಾಯಿಸಲು ಹೋಗುತ್ತದೆ. ನೀವು ನೋಡಬೇಕಾದದ್ದು ಒಂದು ಸಲ ಕೈ ಒಣಗಿಸಲು ಆಗುವ ಖರ್ಚು. ವ್ಯಾಟನ್ನು ಸೆಕೆಂಡಿನಿಂದ ಗುಣಿಸಿ, 3600ರಿಂದ ಭಾಗಿಸಿ. ಬರುವ ಉತ್ತರ ವ್ಯಾಟ್-ಅವರ್. ಅಂಥ ಸಾವಿರ ಸೇರಿದರೆ ನಿಮ್ಮ ಬಿಲ್ಲಿನ ಒಂದು ಯೂನಿಟ್.

2000 ವ್ಯಾಟಿನ ಯಂತ್ರ 40 ಸೆಕೆಂಡ್ ಓಡಿದರೆ ಸುಮಾರು 22 ವ್ಯಾಟ್-ಅವರ್. 1000 ವ್ಯಾಟಿನ ಯಂತ್ರ 12 ಸೆಕೆಂಡ್ ಓಡಿದರೆ 3.3. ದಿನಕ್ಕೆ 300 ಸಲ ಬಳಕೆಯಾದರೆ ಮೊದಲನೆಯದು ಸುಮಾರು 6.7 ಯೂನಿಟ್ ತಿನ್ನುತ್ತದೆ, ಎರಡನೆಯದು ಒಂದೇ ಯೂನಿಟ್. ಕೊಳ್ಳುವಾಗ ಅಗ್ಗ ಅನ್ನಿಸಿದ್ದು ವರ್ಷ ತುಂಬುವಷ್ಟರಲ್ಲಿ ದುಬಾರಿಯಾಗುವುದು ಹೀಗೆ. ಆದರೆ ದಿನಕ್ಕೆ 20 ಸಲ ಮಾತ್ರ ಬಳಸುವ ಕಡೆ ಈ ವ್ಯತ್ಯಾಸ ಅರ್ಧ ಯೂನಿಟ್ಟಿಗೂ ಕಡಿಮೆ. ಅಲ್ಲಿ ಸುಮ್ನೆ ದುಬಾರಿ ಯಂತ್ರದ ಹಿಂದೆ ಬೀಳಬೇಡಿ.

ಮುಂದಿನದು ಒಣಗುವ ಸಮಯ. "10 ಸೆಕೆಂಡ್" ಎಂದು ಬರೆದಿರುತ್ತದೆ. ಎಷ್ಟು ಒಣಗಿದರೆ "ಒಣಗಿತು" ಎಂದು ಲೆಕ್ಕ? ಕೆಲವು ಕಂಪನಿಗಳು ಕೈ ಮೇಲೆ 0.1 ಗ್ರಾಂ ನೀರು ಉಳಿಯುವವರೆಗೆ ಅಳೆಯುತ್ತವೆ, ಕೆಲವು 0.25 ಗ್ರಾಂ ಉಳಿದಾಗಲೇ ನಿಲ್ಲಿಸುತ್ತವೆ. ಹಾಗಾಗಿ ಎರಡು ಕಂಪನಿಗಳ ಸೆಕೆಂಡುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಮೊದಲು ಅಳತೆಯ ವಿಧಾನ ಕೇಳಿ. ಇದಕ್ಕಿಂತ ಒಳ್ಳೆಯದು, ಓಡುತ್ತಿರುವ ಯಂತ್ರ ತೋರಿಸಿ ಎನ್ನುವುದು. ಕೈಯನ್ನು ಚೆನ್ನಾಗಿ ತೊಳೆದು, ಒಂದೆರಡು ಸಲ ಕೊಡವಿ, ಮೊಬೈಲಿನಲ್ಲಿ ಸಮಯ ನೋಡಿಕೊಂಡು ಒಣಗಿಸಿ. ಆಮೇಲೆ ಬೆರಳ ಸಂದಿಗೆ ಒಂದು ಟಿಶ್ಯೂ ಒತ್ತಿ. ಮಚ್ಚೆ ಮೂಡಿದರೆ ಇನ್ನೂ ಒಣಗಿಲ್ಲ. ಉಂಗುರ ಹಾಕಿದವರು ಉಂಗುರದ ಅಡಿಯನ್ನೂ ನೋಡಿ, ನೀರು ಕೊನೆಗೆ ಉಳಿಯುವುದು ಅಲ್ಲೇ.

ಮೋಟಾರಿನ ಬಗೆ ಕೇಳುವುದನ್ನು ಮರೆಯಬೇಡಿ. ವೇಗದ ಯಂತ್ರಗಳಲ್ಲಿ ಎರಡು ಥರ ಇರುತ್ತವೆ. ಒಂದು ಬ್ರಷ್ ಇರುವ ಮೋಟಾರು. ಬ್ರಷ್ ಅಂದರೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಸಣ್ಣ ಕಾರ್ಬನ್ ತುಂಡು. ಸೀಸದ ಕಡ್ಡಿ ಬರೆದಂತೆಲ್ಲ ಸವೆಯುವ ಹಾಗೆ ಇದೂ ಓಡಿದಂತೆಲ್ಲ ಸವೆಯುತ್ತದೆ, ಬದಲಿಸಬೇಕಾಗುತ್ತದೆ. ಇನ್ನೊಂದು ಬ್ರಷ್‌ಲೆಸ್, ಇದರಲ್ಲಿ ಸವೆಯುವ ಆ ತುಂಡೇ ಇಲ್ಲ. ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಅಂಗಡಿಯವರು "ಐದು ವರ್ಷ ಬರುತ್ತೆ" ಎಂದರೆ ಒಪ್ಪಬೇಡಿ, ಗಂಟೆಯಲ್ಲಿ ಹೇಳಿ ಎನ್ನಿ. ದಿನಕ್ಕೆ 300 ಸಲ, ಸಲಕ್ಕೆ 12 ಸೆಕೆಂಡ್ ಅಂದರೆ ಸರಿಯಾಗಿ ಒಂದು ಗಂಟೆ. ವರ್ಷಕ್ಕೆ 365 ಗಂಟೆ. 1000 ಗಂಟೆ ಬಾಳುವ ಮೋಟಾರು ನಿಮ್ಮಲ್ಲಿ ಮೂರು ವರ್ಷ ದಾಟುವುದಿಲ್ಲ ಎಂದು ಆಗಲೇ ಗೊತ್ತಾಗುತ್ತದೆ.

ಐಪಿ ಎಂಬ ಎರಡು ಅಕ್ಷರದ ಮುಂದೆ ಎರಡು ಅಂಕಿ ಇರುತ್ತವೆ. ಮೊದಲ ಅಂಕಿ ಧೂಳು ಮತ್ತು ಗಟ್ಟಿ ವಸ್ತುವಿನಿಂದ ಎಷ್ಟು ರಕ್ಷಣೆ ಅನ್ನುವುದು. ಎರಡನೆಯದು ನೀರಿನಿಂದ. ಎರಡನೇ ಅಂಕಿ 4 ಇದ್ದರೆ ಯಾವ ಕಡೆಯಿಂದ ನೀರು ಎರಚಿದರೂ ತಡೆಯುತ್ತದೆ, 5 ಇದ್ದರೆ ಪೈಪಿನ ಧಾರೆಯನ್ನೂ ತಾಳುತ್ತದೆ, 1 ಇದ್ದರೆ ಮೇಲಿಂದ ತೊಟ್ಟಿಕ್ಕುವ ಹನಿ ಮಾತ್ರ. ಪೈಪ್ ಹಿಡಿದು ಗೋಡೆ ತೊಳೆಯುವ ಪದ್ಧತಿ ನಿಮ್ಮಲ್ಲಿದ್ದರೆ ಈ ಅಂಕಿ ನೋಡದೆ ಕೊಳ್ಳಲೇಬೇಡಿ.

ಮೇಲಿನ ಕವಚದ ವಿಷಯ ಚಿಕ್ಕದು. ಶಾಲೆ, ಬಸ್ ನಿಲ್ದಾಣದಂಥ ಒರಟು ಬಳಕೆಯ ಕಡೆ ಸ್ಟೇನ್‌ಲೆಸ್ ಸ್ಟೀಲು, ಬೇರೆ ಕಡೆ ಒಳ್ಳೆ ಪ್ಲಾಸ್ಟಿಕ್ಕೂ ನಡೆಯುತ್ತದೆ.

4. ಸದ್ದನ್ನು ಕಡೆಗಣಿಸಬೇಡಿ

ಡ್ರೈಯರ್ ಹಾಕಿಸಿದ ಮೇಲೆ ಬರುವ ದೂರುಗಳಲ್ಲಿ ಇದೇ ಮುಂದು. ಸದ್ದನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಇದು ಸಾಮಾನ್ಯ ಎಣಿಕೆಯಂತೆ ಏರುವುದಿಲ್ಲ. 10 ಡೆಸಿಬಲ್ ಜಾಸ್ತಿಯಾದರೆ ಕಿವಿಗೆ ಸದ್ದು ಸುಮಾರು ಎರಡು ಪಟ್ಟು ಅನ್ನಿಸುತ್ತದೆ. 70ಕ್ಕೂ 80ಕ್ಕೂ ಏನು ಮಹಾ ವ್ಯತ್ಯಾಸ ಎಂದುಕೊಳ್ಳಬೇಡಿ, ವ್ಯತ್ಯಾಸ ದೊಡ್ಡದೇ.

ಇನ್ನೊಂದು ಮಾತು. ಡಬ್ಬದ ಮೇಲಿನ ಸಂಖ್ಯೆಯನ್ನು ಅಳೆಯುವುದು ಸಾಮಾನ್ಯವಾಗಿ ಒಂದೆರಡು ಮೀಟರ್ ದೂರದಿಂದ, ಪ್ರತಿಧ್ವನಿ ಇಲ್ಲದ ಕೋಣೆಯಲ್ಲಿ. ನಿಮ್ಮ ವಾಶ್‌ರೂಮಿನಲ್ಲಿ ಗೋಡೆಗೆಲ್ಲ ಟೈಲ್ಸ್, ನೆಲಕ್ಕೂ ಟೈಲ್ಸ್, ಕನ್ನಡಿ ಬೇರೆ. ಸದ್ದು ಹೀರಿಕೊಳ್ಳುವ ವಸ್ತು ಒಂದೂ ಇಲ್ಲ. ಗಾಳಿಗೆ ಕೈ ಅಡ್ಡ ಬಂದ ತಕ್ಷಣ ಸದ್ದು ಇನ್ನೂ ಏರುತ್ತದೆ. ಎರಡು ಯಂತ್ರ ಒಟ್ಟಿಗೆ ಓಡಿದರೆ ಮತ್ತೆ 3 ಡೆಸಿಬಲ್ ಸೇರುತ್ತದೆ.

ಮಕ್ಕಳಿರುವ ಕಡೆ ಇದು ಇನ್ನೂ ಮುಖ್ಯ. ಮಗುವಿನ ಕಿವಿ ಇರುವುದು ಯಂತ್ರದ ಬಾಯಿಯ ಎತ್ತರದಲ್ಲೇ ಅಲ್ವಾ? ಕೆನಡಾದ ಶಾಲಾ ವಿದ್ಯಾರ್ಥಿನಿಯೊಬ್ಬಳು ಸಾರ್ವಜನಿಕ ಶೌಚಾಲಯಗಳ ಡ್ರೈಯರ್‌ಗಳ ಸದ್ದನ್ನು ಮಕ್ಕಳ ಕಿವಿಯ ಎತ್ತರದಲ್ಲೂ ಅಳೆದಿದ್ದಳು. 2019ರಲ್ಲಿ ಅದು ಅಲ್ಲಿನ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲವು ಯಂತ್ರಗಳು 100 ಡೆಸಿಬಲ್ ದಾಟಿದ್ದವು. ಸದ್ದಿಗೆ ಹೆದರಿ ಮಗು ಕಿವಿ ಮುಚ್ಚಿಕೊಂಡು, ಕೈ ತೊಳೆಯದೆಯೇ ಹೊರಗೆ ಓಡಿದರೆ ಯಂತ್ರ ಇದ್ದೂ ಏನು ಬಂತು? ಆಟಿಸಂ ಇರುವವರಿಗೆ, ಶ್ರವಣ ಸಾಧನ ಹಾಕಿದವರಿಗೆ ಈ ಸದ್ದು ನಿಜವಾದ ಹಿಂಸೆ. ಹಾಗಾಗಿ ವೇಗದ ಯಂತ್ರ ಹಾಕಿಸಿದ ಕಡೆಯಲ್ಲೂ ಒಂದು ಪೇಪರ್ ಟವೆಲ್ ಡಬ್ಬ ಇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಲವು ಯಂತ್ರಗಳಲ್ಲಿ ಕವಚದ ಒಳಗೆ ವೇಗ ತಗ್ಗಿಸುವ ತಿರುಪು ಇರುತ್ತದೆ. ಕೊಳ್ಳುವಾಗಲೇ ಕೇಳಿ. ವೇಗ ಸ್ವಲ್ಪ ಇಳಿಸಿದರೆ ಒಣಗಲು ಒಂದೆರಡು ಸೆಕೆಂಡ್ ಜಾಸ್ತಿ ಹಿಡಿಯಬಹುದು, ಸದ್ದು ಮಾತ್ರ ಚೆನ್ನಾಗಿ ಇಳಿಯುತ್ತದೆ.

5. ಇಲ್ಲಿ ಡ್ರೈಯರ್ ಬೇಡ

ರೋಗಿಗಳನ್ನು ಮುಟ್ಟುವ ಕೆಲಸ ನಡೆಯುವ ಜಾಗಕ್ಕೆ ಡ್ರೈಯರ್ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರ ಕೈ ಸ್ವಚ್ಛತೆಯ ಮಾರ್ಗಸೂಚಿಯಲ್ಲಿ ಆರೋಗ್ಯ ಸಿಬ್ಬಂದಿಗೆ ಹೇಳಿರುವುದು ಒಮ್ಮೆ ಬಳಸಿ ಬಿಸಾಡುವ ಟವೆಲನ್ನು. ರಭಸದ ಗಾಳಿ ಕೈ ಮೇಲಿನ ನೀರನ್ನು ಸಣ್ಣ ಹನಿಗಳಾಗಿ ಸುತ್ತ ಹಾರಿಸುತ್ತದೆ. ಕೈ ಸರಿಯಾಗಿ ತೊಳೆಯದಿದ್ದರೆ ಆ ಹನಿಯ ಜೊತೆ ಸೂಕ್ಷ್ಮಜೀವಿಗಳೂ ಹಾರುತ್ತವೆ. ಅಡುಗೆಮನೆಯ ಒಳಗೂ ಇದೇ ಕಾರಣಕ್ಕೆ ಪೇಪರೇ ಮೇಲು.

ಬಿಸಿಗಾಳಿ ಕ್ರಿಮಿ ಕೊಲ್ಲುತ್ತದೆ ಎಂದು ಕೆಲವರು ನಂಬಿದ್ದಾರೆ. ಇಲ್ಲ. ಚರ್ಮ ಸುಡದಷ್ಟು ಬೆಚ್ಚಗಿನ ಗಾಳಿ ಅರ್ಧ ನಿಮಿಷದಲ್ಲಿ ಏನನ್ನೂ ಕೊಲ್ಲುವುದಿಲ್ಲ. ಕೋವಿಡ್ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು ಬಿಡಿಸಿ ಹೇಳಬೇಕಾಯಿತು. ಕ್ರಿಮಿ ಹೋಗುವುದು ಸೋಪು ನೀರಿನಿಂದ. ಡ್ರೈಯರ್‌ನ ಕೆಲಸ ನೀರು ತೆಗೆಯುವುದು.

ಹೆಪಾ ಫಿಲ್ಟರ್ ಇರುವ ಯಂತ್ರಗಳು ಸಿಗುತ್ತವೆ. ಹೆಪಾ ಅಂದರೆ 0.3 ಮೈಕ್ರಾನ್‌ನಷ್ಟು ಸಣ್ಣ ಕಣಗಳಲ್ಲೂ ಶೇಕಡಾ 99.9ಕ್ಕಿಂತ ಹೆಚ್ಚು ಪಾಲನ್ನು ಹಿಡಿಯುವ ದಟ್ಟ ಜಾಲರಿ. ಯಂತ್ರ ಒಳಕ್ಕೆ ಎಳೆದುಕೊಳ್ಳುವುದು ಶೌಚಾಲಯದ ಗಾಳಿಯನ್ನೇ ತಾನೆ? ಅದು ಶುದ್ಧವಾಗಿ ಹೊರಬರಲಿ ಎಂಬುದು ಇದರ ಉದ್ದೇಶ. ಒಳ್ಳೆಯದೇ. ಆದರೆ ಫಿಲ್ಟರ್ ಕಾಲಕಾಲಕ್ಕೆ ಬದಲಿಸಬೇಕು, ಕಟ್ಟಿಕೊಂಡ ಫಿಲ್ಟರ್ ಮೋಟಾರಿಗೂ ಭಾರ. ಬದಲಿ ಫಿಲ್ಟರ್ ಸುಲಭವಾಗಿ ಸಿಗುತ್ತದೆಯಾ ಎಂದು ಮೊದಲೇ ವಿಚಾರಿಸಿ. ಹಾಗೇ, ಕೈಯಿಂದ ಹಾರುವ ಹನಿಗಳನ್ನು ಹೆಪಾ ತಡೆಯುವುದಿಲ್ಲ, ಅದು ನೆನಪಿರಲಿ.

6. ಗೋಡೆಯಲ್ಲಿ ಜಾಗ ಮತ್ತು ಎತ್ತರ

ಬೇಸಿನ್ ಮತ್ತು ಹೊರಬಾಗಿಲ ನಡುವೆ ಇರಲಿ. ಜನ ಕೈ ತೊಳೆದು ಹೊರಗೆ ಹೋಗುವ ದಾರಿಯಲ್ಲೇ ಯಂತ್ರ ಸಿಗಬೇಕು. ವಾಪಸ್ ತಿರುಗಿ ಹೋಗಬೇಕಾದರೆ ನೆಲದುದ್ದಕ್ಕೂ ನೀರು ಚೆಲ್ಲುತ್ತದೆ, ಯಾರಾದರೂ ಜಾರುತ್ತಾರೆ. ಆದರೆ ಬಾಗಿಲು ತೆರೆದಾಗ ತಗುಲುವಷ್ಟು ಹತ್ತಿರವೂ ಬೇಡ.

ಕಲ್ಲಿನ ಕಟ್ಟೆ, ಬೇಸಿನ್, ಕಸದ ಬುಟ್ಟಿ, ಇವುಗಳ ನೇರ ಮೇಲೆ ಹಾಕಿಸಬೇಡಿ. ಯಂತ್ರದ ಸೆನ್ಸರ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಬಿಡುತ್ತದೆ, ಕೈಗೆ ಬಡಿದು ವಾಪಸ್ ಬಂದರೆ ಮೋಟಾರ್ ಶುರು ಮಾಡುತ್ತದೆ. ಕೆಳಗೆ ಹೊಳೆಯುವ ಕಟ್ಟೆ ಇದ್ದರೆ ಅದಕ್ಕೇ ಬಡಿದು ವಾಪಸ್ ಬರುತ್ತದೆ. ಆಗ ಯಂತ್ರ ಯಾರೂ ಇಲ್ಲದಾಗಲೂ ಓಡುತ್ತದೆ. ಕಿಟಕಿಯ ನೇರ ಬಿಸಿಲು ಸೆನ್ಸರಿಗೆ ಬಿದ್ದರೂ ಇಂಥದೇ ಕಾಟ.

ಎತ್ತರದ ಬಗ್ಗೆ: ಕೆಳಗೆ ಕೈ ಹಿಡಿಯುವ ಯಂತ್ರವಾದರೆ ದೊಡ್ಡವರಿಗೆ ಗಾಳಿಯ ಬಾಯಿ ನೆಲದಿಂದ ಸುಮಾರು 110ರಿಂದ 120 ಸೆಂಟಿಮೀಟರ್. ಗಾಲಿಕುರ್ಚಿಯಲ್ಲಿ ಬರುವವರಿಗೆ, ಮಕ್ಕಳಿಗೆ ಇದಕ್ಕಿಂತ ಕೆಳಗೆ, 90ರ ಆಸುಪಾಸು. ಕಂಪನಿಯ ಕೈಪಿಡಿಯಲ್ಲಿ ನಿಮ್ಮ ಮಾಡೆಲ್‌ಗೆ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಎತ್ತರ ಜಾಸ್ತಿಯಾದರೆ ಏನಾಗುತ್ತದೆ ಎಂದು ಒಮ್ಮೆ ಒದ್ದೆ ಕೈ ಮೇಲೆತ್ತಿ ನೋಡಿ. ನೀರು ಮಣಿಕಟ್ಟಿನಿಂದ ಮೊಣಕೈಗೆ ಹರಿದು ತೋಳಿನ ಒಳಗೆ ಇಳಿಯುತ್ತದೆ. ಬಟ್ಟೆ ಒದ್ದೆಯಾದವರು ಮುಂದಿನ ಸಲ ಆ ಯಂತ್ರದ ಹತ್ತಿರವೇ ಹೋಗುವುದಿಲ್ಲ.

ಗೋಡೆಯಿಂದ ಎಷ್ಟು ಮುಂದಕ್ಕೆ ಚಾಚಿದೆ ಅನ್ನುವುದನ್ನೂ ಅಳೆಯಿರಿ. ಕಣ್ಣು ಕಾಣದವರ ಕೋಲು ನೆಲದ ಮೇಲೆ ಆಡುತ್ತದೆ, ಎದೆಯ ಮಟ್ಟದಲ್ಲಿ ಚಾಚಿದ ಪೆಟ್ಟಿಗೆ ಅದಕ್ಕೆ ಸಿಗುವುದಿಲ್ಲ. ಅಮೆರಿಕದ ಅಂಗವಿಕಲರ ಕಾಯ್ದೆಯ ಮಾನದಂಡದಲ್ಲಿ ನಡೆಯುವ ದಾರಿಗೆ ಹೀಗೆ ಚಾಚುವ ವಸ್ತು 4 ಇಂಚು ಮೀರಬಾರದು ಎಂದಿದೆ. ಆ ಕಾಯ್ದೆ ನಿಮಗೆ ಅನ್ವಯಿಸದಿದ್ದರೂ ಅಳತೆ ಒಳ್ಳೆಯದು. ದಪ್ಪ ಯಂತ್ರವಾದರೆ ದಾರಿಯಿಂದ ಬದಿಗೆ, ಗೋಡೆ ಒಳಸರಿದ ಕಡೆ ಕೂರಿಸಿ.

ಕೆಳಗಿನ ಗೋಡೆ ಬಣ್ಣದ್ದಾಗಿದ್ದರೆ ಕೆಲವೇ ತಿಂಗಳಲ್ಲಿ ಉದ್ದುದ್ದ ಕಲೆ ಬೀಳುತ್ತದೆ. ಟೈಲ್ಸ್ ಇಲ್ಲದ ಕಡೆ ಒಂದು ಸ್ಟೀಲಿನ ತಗಡು ಹೊಡೆಸಿ.

7. ವೈರಿಂಗ್: ಇದನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ, ಆದರೆ ಇಷ್ಟನ್ನು ಕೇಳಿ

ನೀರು ಮತ್ತು ಕರೆಂಟ್ ಒಂದೇ ಕೋಣೆಯಲ್ಲಿ ಇರುವ ಕೆಲಸ. ಲೈಸೆನ್ಸ್ ಇರುವವರೇ ಮಾಡಬೇಕು. ನೀವು ಗಮನಿಸಬೇಕಾದ್ದು ಇಷ್ಟು.

ಪ್ರತಿ ಯಂತ್ರಕ್ಕೂ ಬೇರೆ ಲೈನ್, ಅದಕ್ಕೆ ತಕ್ಕ ಎಂಸಿಬಿ. ಎಂಸಿಬಿ ಅಂದರೆ ಲೋಡ್ ಮೀರಿದಾಗ ತಾನೇ ಬೀಳುವ ಸ್ವಿಚ್. 230 ವೋಲ್ಟಿನಲ್ಲಿ 2300 ವ್ಯಾಟಿನ ಯಂತ್ರ 10 ಆಂಪಿಯರ್ ಎಳೆಯುತ್ತದೆ. ಇಂಥ ಮೂರನ್ನು ಲೈಟಿನ ಲೈನಿಗೆ ಸೇರಿಸಿದರೆ ವೈರ್ ಕಾಯುತ್ತದೆ.

ಆರ್‌ಸಿಸಿಬಿ ಇರಲೇಬೇಕು. ಇದು ಕರೆಂಟ್ ಸೋರಿಕೆಯಾದರೆ ಕ್ಷಣದಲ್ಲಿ ಕಡಿದುಹಾಕುವ ಸಾಧನ. 30 ಮಿಲಿಆಂಪಿಯರ್‌ನದ್ದು ಕೇಳಿ. ಎಂಸಿಬಿ ಯಂತ್ರವನ್ನೂ ವೈರನ್ನೂ ಕಾಯುತ್ತದೆ, ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಎರಡರಲ್ಲಿ ಒಂದಿದ್ದರೆ ಸಾಕು ಎನ್ನುವವರ ಮಾತು ಕೇಳಬೇಡಿ. ಅರ್ಥಿಂಗ್ ಇದೆಯಾ ಎಂದು ಮೀಟರ್ ಹಿಡಿದು ತೋರಿಸಲಿ. ಲೋಹದ ಕವಚದ ಯಂತ್ರಕ್ಕೆ ಅರ್ಥಿಂಗ್ ಇಲ್ಲದಿದ್ದರೆ ಒದ್ದೆ ಕೈಗೆ ಅದು ಅಪಾಯದ ಪೆಟ್ಟಿಗೆ.

ಯಂತ್ರದ ಪಕ್ಕ ಪ್ಲಗ್ ಪಾಯಿಂಟ್ ಬೇಡ. ವೈರ್ ಗೋಡೆಯೊಳಗಿಂದ ನೇರ ಯಂತ್ರಕ್ಕೆ ಹೋಗಲಿ, ಆಫ್ ಮಾಡುವ ಸ್ವಿಚ್ ಒದ್ದೆ ಕೈಗೆ ಎಟಕದ ಜಾಗದಲ್ಲಿರಲಿ.

ಡ್ರಿಲ್ ಮಾಡುವ ಮುನ್ನ ಗೋಡೆಯಲ್ಲಿ ನೀರಿನ ಪೈಪ್ ಎಲ್ಲಿ ಹೋಗಿದೆ ಎಂದು ಖಾತ್ರಿ ಮಾಡಿಕೊಳ್ಳಿ. ತೂತಿನ ಜಾಗ ಗುರುತಿಸಲು ಹಲವು ಡಬ್ಬಗಳಲ್ಲಿ ಒಂದು ಹಾಳೆ ಇರುತ್ತದೆ, ಅದನ್ನು ಬಿಸಾಡಬೇಡಿ. ಡ್ರಿಲ್ಲಿಂಗ್ ಪೂರ್ತಿ ಮುಗಿದು ಧೂಳು ಒರೆಸಿದ ಮೇಲೆ ಯಂತ್ರವನ್ನು ಹೊರತೆಗೆಯಿರಿ. ಟೈಲ್ಸ್ ಪುಡಿಯನ್ನು ಮೊದಲ ದಿನವೇ ಒಳಕ್ಕೆ ಎಳೆದುಕೊಂಡ ಮೋಟಾರು ಹೆಚ್ಚು ದಿನ ಬಾಳುವುದಿಲ್ಲ.

ವೇಗದ ಯಂತ್ರದಲ್ಲಿ ಹೀಟರ್ ಆನ್-ಆಫ್ ಮಾಡುವ ಸಣ್ಣ ಸ್ವಿಚ್ ಒಳಗಿದ್ದರೆ, ಹವೆ ಬೆಚ್ಚಗಿರುವಾಗ ಆಫ್ ಮಾಡಿಸಿ. ಚಳಿಯಲ್ಲಿ ಮಾತ್ರ ಆನ್ ಇರಲಿ. ತಣ್ಣನೆ ಗಾಳಿಗೆ ಒದ್ದೆ ಕೈ ಒಡ್ಡಲು ಜನ ಚಳಿಯಲ್ಲಿ ಒಪ್ಪುವುದಿಲ್ಲ.

8. ಬಳಸುವ ರೀತಿ

ಇದನ್ನೂ ಹೇಳಿಕೊಡಬೇಕಾ ಎನ್ನಬೇಡಿ. ಸರಿಯಾಗಿ ಬಳಸಿದವರಿಗೂ ಬಳಸದವರಿಗೂ ಅರ್ಧಕ್ಕರ್ಧ ಸಮಯದ ವ್ಯತ್ಯಾಸ ಬರುತ್ತದೆ. ಯಂತ್ರದ ಪಕ್ಕ ಒಂದು ಚಿಕ್ಕ ಚೀಟಿ ಅಂಟಿಸಿ.

ಮೊದಲು ಬೇಸಿನ್ನಿನ ಒಳಗೇ ಕೈಯನ್ನು ಮೂರ್ನಾಲ್ಕು ಸಲ ಕೊಡವಿ. ಜೋತುಬಿದ್ದ ನೀರು ಅಲ್ಲೇ ಹೋದರೆ ಯಂತ್ರಕ್ಕೆ ಉಳಿಯುವುದು ತೆಳು ಪದರ ಮಾತ್ರ.

ಬಿಸಿಗಾಳಿ ಯಂತ್ರದ ಕೆಳಗೆ ಕೈಗಳನ್ನು ಹಗುರವಾಗಿ ಉಜ್ಜಿದರೆ ನೀರು ಹರಡಿ ಬೇಗ ಒಣಗುತ್ತದೆ. ವೇಗದ ಯಂತ್ರದಲ್ಲಿ ಉಜ್ಜುವುದು ಬೇಡ. ಬೆರಳು ಬಿಡಿಸಿ, ಗಾಳಿಗೆ ಕೈಯನ್ನು ಮಣಿಕಟ್ಟಿನಿಂದ ಬೆರಳ ತುದಿಯ ಕಡೆಗೆ ನಿಧಾನವಾಗಿ ಎಳೆಯಿರಿ, ತಿರುಗಿಸಿ ಹಿಂಭಾಗಕ್ಕೂ ಹಾಗೇ ಮಾಡಿ. ನೀರು ತುದಿಯತ್ತ ಓಡುವುದು ಕಣ್ಣಿಗೇ ಕಾಣುತ್ತದೆ. ಒಳಗೆ ಇಳಿಬಿಡುವ ಯಂತ್ರದಲ್ಲಿ ಜನ ಮಾಡುವ ತಪ್ಪು ಕೈಯನ್ನು ಸರಕ್ಕನೆ ಎತ್ತುವುದು. ಎಣಿಸಿಕೊಂಡು ನಾಲ್ಕೈದು ಸೆಕೆಂಡ್ ತೆಗೆದುಕೊಂಡು ಎತ್ತಿ, ಬೇಕಾದರೆ ಇನ್ನೊಂದು ಸಲ.

9. ನೋಡಿಕೊಳ್ಳುವುದು ಮತ್ತು ಕೆಟ್ಟಾಗ ಏನು

ದಿನಾ: ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಕವಚ, ಗಾಳಿಯ ಬಾಯಿ ಮತ್ತು ಸೆನ್ಸರ್‌ನ ಕಪ್ಪು ಗಾಜು ಒರೆಸಬೇಕು. ಕೆಳಗಿನ ಗೋಡೆ, ನೆಲ ಕೂಡ. ತಟ್ಟೆ ಇದ್ದರೆ ಖಾಲಿ ಮಾಡಿ ತೊಳೆಯಬೇಕು. ಟೈಲ್ಸ್ ತೊಳೆಯುವ ಆಸಿಡ್ ಯಂತ್ರದ ಹತ್ತಿರ ಸುಳಿಯಬಾರದು, ಅದರ ಹಬೆ ಸಾಕು ಒಳಗಿನ ಲೋಹ ತಿನ್ನಲು. ಸ್ಪ್ರೇ ಬಾಟಲಿಯನ್ನು ಬಟ್ಟೆಗೆ ಹೊಡೆದು ಒರೆಸಿ, ಯಂತ್ರಕ್ಕೆ ನೇರ ಹೊಡೆಯಬೇಡಿ.

ಮೂರು ತಿಂಗಳಿಗೊಮ್ಮೆ, ರಶ್ ಇದ್ದರೆ ತಿಂಗಳಿಗೊಮ್ಮೆ: ಮೇನ್ ಆಫ್ ಮಾಡಿ ಕವಚ ತೆಗೆಸಿ. ಗಾಳಿ ಒಳಹೋಗುವ ದಾರಿಯಲ್ಲಿ ಬೂದು ಬಣ್ಣದ ಮೆತ್ತನೆ ಪದರ ಕಾಣುತ್ತದೆ. ಬಟ್ಟೆಯ ಎಳೆ, ಟಿಶ್ಯೂ ಪುಡಿ, ಕೂದಲು, ಧೂಳು ಎಲ್ಲ ಸೇರಿ ಆದದ್ದು. ಮೆದು ಬ್ರಷ್ಷಿನಲ್ಲಿ ಬಿಡಿಸಿ ವ್ಯಾಕ್ಯೂಮಿನಲ್ಲಿ ಎಳೆಯಬೇಕು. ಊದಿದರೆ ಇನ್ನೂ ಒಳಕ್ಕೆ ಹೋಗುತ್ತದೆ. ಈ ಪದರವೇ ಅರ್ಧದಷ್ಟು ರಿಪೇರಿಗಳ ಮೂಲ ಎಂದರೆ ತಪ್ಪಾಗದು. ಗಾಳಿ ಕಟ್ಟುತ್ತದೆ, ಮೋಟಾರು ಬಿಸಿಯಾಗುತ್ತದೆ, ಒಣಗಲು ಜಾಸ್ತಿ ಹೊತ್ತು ಬೇಕಾಗುತ್ತದೆ, ಯಂತ್ರ ಇನ್ನೂ ಜಾಸ್ತಿ ಓಡುತ್ತದೆ.

ಕೆಟ್ಟಾಗ ಮೆಕ್ಯಾನಿಕ್ ಕರೆಯುವ ಮುನ್ನ ಇಷ್ಟು ನೋಡಿ.

ಯಾರೂ ಇಲ್ಲದೆ ತಾನೇ ಓಡುತ್ತಿದ್ದರೆ ಸೆನ್ಸರ್ ಗಾಜಿನ ಮೇಲೆ ಸೋಪಿನ ಕಲೆಯೋ ನೀರ ಹನಿಯೋ ಇರುತ್ತದೆ. ಇಲ್ಲವೇ ಕೆಳಗೆ ಯಾರೋ ಬುಟ್ಟಿ ತಂದಿಟ್ಟಿರುತ್ತಾರೆ.

ಸ್ವಲ್ಪ ಹೊತ್ತು ಓಡಿ ನಿಂತು, ಹತ್ತು ಹದಿನೈದು ನಿಮಿಷದ ಮೇಲೆ ಮತ್ತೆ ಶುರುವಾದರೆ, ಬಿಸಿ ಮೀರಿದಾಗ ಕಡಿಯುವ ಒಳಗಿನ ರಕ್ಷಣಾ ಸ್ವಿಚ್ ತನ್ನ ಕೆಲಸ ಮಾಡುತ್ತಿದೆ. ಫಿಲ್ಟರ್ ಮತ್ತು ಗಾಳಿಯ ದಾರಿ ಶುಚಿ ಮಾಡಿಸಿ. ಆ ಸ್ವಿಚ್ಚನ್ನು ದಾಟಿಸಿ ನೇರ ಕನೆಕ್ಷನ್ ಕೊಡುತ್ತೇನೆ ಎನ್ನುವ ಮೆಕ್ಯಾನಿಕ್ಕನ್ನು ಒಳಗೆ ಬಿಡಬೇಡಿ. ಬೆಂಕಿಗೆ ದಾರಿ ಅದು.

ಗಾಳಿ ಬರುತ್ತಿದೆ, ಬಿಸಿ ಇಲ್ಲ ಎಂದರೆ ಕಾಯಿಲ್ ಕಡಿದಿರಬಹುದು. ಕಿರ್ರೆನ್ನುವ ಸದ್ದು, ಜೊತೆಗೆ ಸುಟ್ಟ ವಾಸನೆ ಬಂದರೆ ಕಾರ್ಬನ್ ಬ್ರಷ್ ಮುಗಿಯುತ್ತಾ ಬಂದಿದೆ ಎಂದು ಅನುಮಾನಿಸಿ. ಆ ಕ್ಷಣವೇ ಮೇನ್ ಆಫ್ ಮಾಡಿ. ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ ಮತ್ತೆ ಮತ್ತೆ ಎತ್ತಿ ನೋಡುವುದು ಬೇಡವೇ ಬೇಡ. ಎಲ್ಲೋ ಸೋರಿಕೆ ಇದೆ, ಎಲೆಕ್ಟ್ರಿಷಿಯನ್ ಬರುವವರೆಗೆ ಯಂತ್ರ ಮುಟ್ಟಬೇಡಿ.

ಯಂತ್ರ ಹೊಸದಾಗಿದ್ದಾಗ ಕೈ ಒಣಗಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ, ತಿಂಗಳಿಗೊಮ್ಮೆ ಮತ್ತೆ ಅಳೆದು ಅದರ ಕೆಳಗೆ ಬರೆಯಿರಿ. 12 ಇದ್ದದ್ದು 18 ಆಯಿತು ಎಂದರೆ ಒಳಗೆ ಏನೋ ಕಟ್ಟಿಕೊಂಡಿದೆ. ಯಂತ್ರ ನಿಲ್ಲುವ ಮೊದಲೇ ನಿಮಗೆ ಗೊತ್ತಾಗುತ್ತದೆ. ರಿಪೇರಿಗೆ ಹೋದ ದಿನಗಳಿಗೆಂದು ಒಂದು ಕಟ್ಟು ಪೇಪರ್ ಟವೆಲ್ ಮತ್ತು ಮುಚ್ಚಳವಿರುವ ಬುಟ್ಟಿ ಸ್ಟೋರಿನಲ್ಲಿ ಇಟ್ಟಿರಿ. "ಕೆಟ್ಟಿದೆ" ಎಂಬ ಚೀಟಿ ಅಂಟಿಸುವವರ ಇನ್ನೊಂದು ಕೈಯಲ್ಲಿ ಆ ಕಟ್ಟು ಇರಬೇಕು.